ಘಟ್ಟ ಹತ್ತಿದ ಬಿಸಿಲಿನ ಗಾಡಿ

ಸೋಲಾರ್ ಗಾಡಿ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದರು. ಯಾರೋ ಸಾಮಾನು ಸಾಗಿಸಿ ಸಾಗಿಸಿ ಬೇಸತ್ತು ಮಾರಿದ ಹಳೆಯ ಎಲೆಕ್ಟ್ರಿಕ್ ವ್ಯಾನು, ಅದರ ನೆತ್ತಿಯ ಮೇಲೆ ಪ್ಯಾನೆಲ್ಲುಗಳ ಒಂದು ಅಟ್ಟ. ಗಾಡಿ ನಿಂತಾಗ ಒಳಗಿನಿಂದ ಇನ್ನಷ್ಟು ಪ್ಯಾನೆಲ್ಲು ಎಳೆದು, ಕಾಲು ಕೊಟ್ಟು, ಎರಡೂ ಕಡೆ ಮಂಚದ ಹಾಗೆ ಹಾಸಬಹುದಿತ್ತು. ನನ್ನ ಗಂಡ ಬೆರ್ರಿಯೆಸಾದ ನಮ್ಮ ಮನೆಯ ಗರಾಜಿನಲ್ಲಿ ಶನಿವಾರ ಭಾನುವಾರ ಕೂತು ಇದನ್ನು ಕಟ್ಟಿದರು. ಆ ವಾರಾಂತ್ಯಗಳನ್ನು ಈಗ ನೆನೆದರೆ ಸುಟ್ಟ ವೈರಿನ ವಾಸನೆಯೂ ಹಿತವಾಗಿ ಬರುತ್ತದೆ. ಆಗ ಮಾತ್ರ ನಾನು ದಿನಾ ಬೈಯುತ್ತಿದ್ದೆ.

ಬೈದರೂ ತಡೆಯಲಿಲ್ಲ, ಅದಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಸ್ಯಾನ್ ರಮೋನಿನ ಆಫೀಸಿನಿಂದ 680 ಫ್ರೀವೇಯಲ್ಲಿ ಸಂಜೆ ಮನೆಗೆ ಬರುತ್ತಾ ಇವರು ಕಾರನ್ನು ಡಿವೈಡರಿಗೆ ಉಜ್ಜಿಕೊಂಡು ಬಂದಿದ್ದರು. ಅದಕ್ಕೂ ಮೊದಲು ಊಟದ ಮೇಜಿನಲ್ಲಿ ಪಕ್ಕದಲ್ಲೇ ಇಟ್ಟ ನೀರಿನ ಲೋಟ ಬೀಳಿಸುವುದು, ಬಾಗಿಲಿಗೆ ಭುಜ ತಾಗಿಸಿಕೊಳ್ಳುವುದು ನಡೆದೇ ಇತ್ತು. ಗಮನವಿಲ್ಲದ ಗಂಡಸು ಎಂದು ನಾನು ಅಂದುಕೊಂಡಿದ್ದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತಿದೆ, ಮಬ್ಬು ಬೆಳಕಿನಲ್ಲಂತೂ ಏನೂ ಕಾಣುವುದಿಲ್ಲ ಎಂದರು. ಔಷಧಿ ಇಲ್ಲ. ಹಗಲಲ್ಲಿ ಮಾತ್ರ ಗಾಡಿ ಓಡಿಸಿ, ಅದೂ ಇನ್ನು ಸ್ವಲ್ಪ ಕಾಲ, ಮುಂದಿನ ವರ್ಷಕ್ಕೆ ಅದನ್ನೂ ಬಿಡಬೇಕಾಗುತ್ತದೆ ಎಂದರು.

ಹಾಗೆ ಹುಟ್ಟಿದ್ದು ಈ ಗಾಡಿ. "ಸೂರ್ಯ ಇದ್ರೆ ಓಡುತ್ತೆ, ಇಲ್ಲದಿದ್ರೆ ಇಲ್ಲ. ನನ್ನ ಥರಾನೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರಿಗಿದ್ದ ಆಸೆ ಒಂದೇ: ಉತ್ತರದ ಘಟ್ಟವನ್ನು ಬರೀ ಬಿಸಿಲಿನ ಬಲದಿಂದ, ತಾವೇ ಓಡಿಸಿಕೊಂಡು ಹತ್ತಬೇಕು, ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಎದುರಿನ ಹಿಮದ ಪರ್ವತವನ್ನು ಕಣ್ತುಂಬ ನೋಡಬೇಕು. ಎಲ್ಲಿಯೂ ಪ್ಲಗ್ ಹಾಕಬಾರದು ಎಂದು ವ್ರತ ಬೇರೆ.

ಅಕ್ಟೋಬರಿನಲ್ಲಿ ಹೊರಟೆವು. ಅದೇ ಹೊತ್ತಿಗೆ ವಿಜಯಪುರದಿಂದ ನಮ್ಮತ್ತೆ ಬಂದಿದ್ದರು, ಅವರನ್ನೂ ಕೂರಿಸಿಕೊಂಡೆವು. ಮಗನ ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. "ಅವ್ವಂಗೆ ಹೇಳಬೇಡ" ಎಂದು ಇವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅತ್ತೆಯ ಸಾಮಾನು ಎಂದರೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಖಾರದ ಹಿಂಡಿ, ಮತ್ತು ಬೇಸಿಗೆಯಲ್ಲಿ ತಾವೇ ಮಾಡಿ ಗಂಟು ಕಟ್ಟಿಕೊಂಡು ಬಂದ ಒಂದು ಚೀಲ ಸಂಡಿಗೆ. ನಾನು ಮೈಸೂರಿನವಳು. ನನ್ನ ಸಾರು ಅವರಿಗೆ ನೀರು, ಅವರ ಹಿಂಡಿ ನನಗೆ ಬೆಂಕಿ. ಆದರೂ ನಾವಿಬ್ಬರೂ ಒಂದು ದಿನಕ್ಕೂ ಮಾತು ಬಿಟ್ಟವರಲ್ಲ.

ಜನ ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ತಲುಪುವ ದಾರಿ ನಮಗೆ ವಾರಗಟ್ಟಲೆ ಹಿಡಿಯಿತು. ಫ್ರೀವೇಗೆ ಹೋಗುವ ಯೋಗ್ಯತೆ ನಮ್ಮ ಗಾಡಿಗಿರಲಿಲ್ಲ. ಒಳರಸ್ತೆಗಳಲ್ಲಿ ಬಾದಾಮಿ ತೋಟ, ಒಣಗಿದ ಹುಲ್ಲಿನ ಗುಡ್ಡ, ಆಮೇಲೆ ಪೈನ್ ಮರಗಳು. ಸ್ವಲ್ಪ ಓಡುವುದು, ಬಯಲು ಕಂಡಲ್ಲಿ ಪ್ಯಾನೆಲ್ಲು ಹಾಸಿ ಕೂರುವುದು. ಅತ್ತೆ ಮಡಿಸುವ ಕುರ್ಚಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಇವರು ಸೂರ್ಯ ಸರಿದ ಹಾಗೆ ಪ್ಯಾನೆಲ್ಲಿನ ಮುಖ ತಿರುಗಿಸುತ್ತಿದ್ದರು. ನನಗೆ ಮಾಡಲು ಏನೂ ಕೆಲಸವಿರುತ್ತಿರಲಿಲ್ಲ. ಮದುವೆಯಾದ ಮೇಲೆ ಅಷ್ಟು ದಿನ ಮೂವರೂ ಒಟ್ಟಿಗೆ ಸುಮ್ಮನೆ ಕೂತದ್ದು ಅದೊಂದೇ ಸಲ. ಎಷ್ಟು ಸುಖವಾಗಿತ್ತು ಎಂದು ಈಗ ಅನಿಸುತ್ತದೆ.

ಘಟ್ಟದ ಬುಡ ತಲುಪಿದಾಗ ಚಳಿ ಜೋರಾಯಿತು. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ, ಇಬ್ಬನಿಗೆ ಎಲ್ಲ ತೇವ ಹಿಡಿಯುತ್ತದೆ. ನಾಳೆಯಿಂದ ಹಿಮ ಬೀಳುತ್ತದೆ, ಚಕ್ರಕ್ಕೆ ಚೈನು ಕಟ್ಟದ ಗಾಡಿಗಳನ್ನು ಮೇಲೆ ಬಿಡುವುದಿಲ್ಲ ಎಂದು ನಾವು ತಂಗಿದ್ದ ಕ್ಯಾಂಪಿನವರು ಹೇಳಿದರು. ಅಂದರೆ ಇವತ್ತೇ ಹತ್ತಬೇಕು. ಇವರು ಲೆಕ್ಕ ಹಾಕಿದರು: ಮಧ್ಯಾಹ್ನದವರೆಗೆ ಪೂರ್ತಿ ಬಿಸಿಲು ಕುಡಿಸಿದರೆ ಕತ್ತಲಾಗುವ ಮೊದಲೇ ನೆತ್ತಿಯಲ್ಲಿರಬಹುದು. ಪ್ಯಾನೆಲ್ಲುಗಳನ್ನೆಲ್ಲ ಹಾಸಿ, ಒರೆಸಿ, ಅತ್ತೆಗೆ ಹೇಳಿ, ನಾವಿಬ್ಬರೂ ಹತ್ತಿರದ ಕೆರೆಯೊಂದರ ಕಡೆ ನಡೆದು ಹೋದೆವು.

ವಾಪಸು ಬಂದಾಗ ನನಗೆ ಮೊದಲು ಕಂಡದ್ದು ಬಿಳಿ ಪಂಚೆ. ಎರಡೂ ಕಡೆಯ ಪ್ಯಾನೆಲ್ಲುಗಳ ಮೇಲೆ ಇವರ ಪಂಚೆ, ನನ್ನ ದುಪಟ್ಟಾ, ಒಂದು ಟವಲು. ಅವುಗಳ ಮೇಲೆ ಸಾಲು ಸಾಲಾಗಿ ಸಂಡಿಗೆ. ಪಕ್ಕದಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು, ಸ್ವೆಟರಿನ ಮೇಲೆ ಶಾಲು ಹೊದ್ದು, ಕೈಯಲ್ಲಿ ಕೋಲು ಹಿಡಿದು ಅಳಿಲು ಕಾಯುತ್ತಿದ್ದರು.

"ಅತ್ತೆ, ಏನ್ ಮಾಡಿದ್ರಿ ಇದು!"

"ಸಂಡಗಿ ಮೆತ್ತಗಾಗಿದ್ವು, ಯವ್ವಾ. ಇಂಥಾ ಬಿಸಲು ಸುಮ್ನ ಹಾಳಾಗಾಕತ್ತಿತ್ತು. ನಮ್ಮ ಮನಿ ಮ್ಯಾಲಿನ ಮಾಳಗಿ ಇದ್ದಂಗ ಸ್ವಚ್ಛ ಐತಿ, ಹರವಿದೆ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೆ. ಇವರು ಹಿಂದಿನಿಂದ ನನ್ನ ಮೊಣಕೈ ಒತ್ತಿ ಹಿಡಿದರು. ಆಮೇಲೆ ತಾಯಿಯ ಪಕ್ಕ ಹೋಗಿ, ಒಂದು ಸಂಡಿಗೆ ಮುರಿದು ನೋಡಿ, "ಚೊಲೊ ಒಣಗ್ಯಾವ ಅವ್ವಾ, ತಗಿಯೂಣು" ಎಂದರು.

"ಗಾಡಿಗೆ ಏನರ ಆತೇನೋ? ತಲಿ ಮ್ಯಾಲಿಂದು ತೆರದೇ ಐತೆಲ್ಲ."

"ಏನಾಗಿಲ್ಲ ಬಿಡು. ಸ್ವಲ್ಪ ತಡಾ ಆಗತೈತಿ, ಅಷ್ಟ."

ಸ್ವಲ್ಪ ಅಲ್ಲ. ಪ್ಯಾನೆಲ್ಲಿನ ಒಂದು ಪಟ್ಟಿಗೆ ನೆರಳು ಬಿದ್ದರೂ ಇಡೀ ಸಾಲು ಮುನಿಸಿಕೊಂಡು ಕೂರುತ್ತದೆ ಎಂದು ಇವರೇ ನನಗೆ ಹೇಳಿಕೊಟ್ಟಿದ್ದರು. ಹಾಸಿದ ಪ್ಯಾನೆಲ್ಲುಗಳ ಪಾಲಿನ ಬೆಳಗಿನ ಬಿಸಿಲಷ್ಟೂ ಸಂಡಿಗೆಗೆ ಹೋಗಿತ್ತು. ತಾಯಿ ಮಗ ಇಬ್ಬರೂ ಕೂತು ಅವುಗಳನ್ನು ಮುರಿಯದ ಹಾಗೆ ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬುತ್ತಿದ್ದರೆ ನಾನು ಕೆರೆಯ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅತ್ತೆಯ ಮೇಲೆ ಕೋಪ, ಇವರ ಮೇಲೆ ಕೋಪ, ಮಾತು ಕೊಟ್ಟ ನನ್ನ ಮೇಲೆ ಇನ್ನೂ ಕೋಪ.

ಮತ್ತೆ ಬ್ಯಾಟರಿ ತುಂಬಿಸಿಕೊಂಡು ಹೊರಟಾಗ ಬಿಸಿಲು ಹಳದಿಯಾಗಿತ್ತು. ಗಾಡಿ ಮುಕ್ಕರಿಸಿ ಮುಕ್ಕರಿಸಿ ಹತ್ತಿತು. ಹೀಟರು ಹಾಕಿದರೆ ಬ್ಯಾಟರಿ ಖರ್ಚಾಗುತ್ತದೆ ಎಂದು ಮೂವರೂ ಕಂಬಳಿ ಹೊದ್ದಿದ್ದೆವು. ಒಂದೊಂದು ತಿರುವು ಕಳೆದ ಹಾಗೆ ಮರಗಳ ನೆರಳು ರಸ್ತೆಯನ್ನು ಮುಚ್ಚುತ್ತಾ ಬಂತು. ಇವರು ಕುತ್ತಿಗೆ ಮುಂದೆ ಚಾಚಿ, ರಸ್ತೆಯಂಚಿನ ಬಿಳಿ ಗೆರೆಯೊಂದನ್ನೇ ಹಿಡಿದು ಹೋಗುತ್ತಿರುವುದು ನನಗೆ ಗೊತ್ತಾಯಿತು. ನಾನು "ರೀ" ಎಂದೆ. ಅವರು ಪಕ್ಕದ ಅಗಲ ಜಾಗದಲ್ಲಿ ಗಾಡಿ ನಿಲ್ಲಿಸಿಬಿಟ್ಟರು. ನೆತ್ತಿಗೆ ಇನ್ನು ಕೆಲವೇ ತಿರುವು ಇತ್ತು.

"ನೀನು ಓಡ್ಸು" ಎಂದರು.

ಜಾಗ ಬದಲಿಸಿಕೊಂಡೆವು. ಹಿಂದಿನಿಂದ ಅತ್ತೆ, "ಯಾಕೋ, ದಣದೇನು?" ಎಂದರು. "ಹೂಂ ಅವ್ವಾ, ಸೊಂಟ ಹಿಡದೈತಿ."

ಘಟ್ಟದ ರಸ್ತೆಯಲ್ಲಿ ನಾನು ಎಂದೂ ಓಡಿಸಿದವಳಲ್ಲ. ಆದರೆ ನನಗೆ ಅಳು ಬಂದದ್ದು ಭಯಕ್ಕಲ್ಲ. ಇವರು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನ ಪ್ರಯಾಣಿಕನ ಹಾಗೆ ಸುಮ್ಮನೆ ಕೂತಿದ್ದರು.

ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಇಳಿದೆವು. ಗಾಳಿ ಮುಖಕ್ಕೆ ಹೊಡೆಯಿತು. ನಮ್ಮ ಸುತ್ತ ಆಗಲೇ ಮಬ್ಬು, ದೂರದಲ್ಲಿ ಪರ್ವತದ ತುದಿಗೆ ಮಾತ್ರ ಕೊನೆಯ ಕೆಂಪು ಉಳಿದಿತ್ತು.

"ಅಯ್ಯ ಶಿವನ! ನೋಡೋ ಅದನ್ನ!" ಎಂದರು ಅತ್ತೆ.

"ಹೂಂ ಅವ್ವಾ. ಭಾಳ ಚೊಲೊ ಐತಿ" ಎಂದರು ಇವರು. ಅವರ ಮುಖ ಪೈನ್ ಮರಗಳ ಕಡೆಗಿತ್ತು.

ಅತ್ತೆ ಅವರ ಗದ್ದ ಹಿಡಿದು, ಸಣ್ಣ ಮಕ್ಕಳಿಗೆ ಮಾಡುವ ಹಾಗೆ, ಮೆಲ್ಲಗೆ ಈ ಕಡೆ ತಿರುಗಿಸಿದರು. "ಅಲ್ಲೆ ಅಲ್ಲಪಾ. ಇಲ್ಲೆ." ಇವರು ಕಣ್ಣು ಕಿರಿದು ಮಾಡಿ ನೋಡಿದರು. ಅತ್ತೆ ಅವರ ಕಣ್ಣುಗಳನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅತ್ತೆ ಮಗನ ಕೈಯನ್ನು ತಮ್ಮ ಶಾಲಿನೊಳಗೆ ಎಳೆದುಕೊಂಡು ಹೇಳತೊಡಗಿದರು.

"ಕೆಳಗೆಲ್ಲ ಗಿಡ ಅದಾವ, ಕರ್ರಗ. ಅದರ ಮ್ಯಾಲ ಮಂಜು, ಹಾಲಿನ ಕೆನಿ ಇದ್ದಂಗ. ಮ್ಯಾಲ ಮ್ಯಾಲ ಹೋದಂಗ ಬೆಳ್ಳಗ ಬರ್ಫ. ತುದೀಗಿ ಕೆಂಪು ಐತಿ ನೋಡು, ಒಲಿಯಾಗಿನ ಕೆಂಡ ಆರೂ ಮುಂದ ಹೆಂಗ ಕಾಣತೈತಿ, ಹಂಗ."

"ಆಮ್ಯಾಲ?" ಎಂದರು ಇವರು.

"ಬಲಕ್ಕ ಇನ್ನೊಂದು ಸಣ್ಣ ಗುಡ್ಡ ಐತಿ, ದೊಡ್ಡದರ ಮಗ್ಗಲದಾಗ ಮಲಗಿದಂಗ…"

ಅಷ್ಟರಲ್ಲಿ ಕೆಂಪು ಆರಿತು. ಪರ್ವತ ಆಕಾಶದೊಳಗೆ ಸೇರಿಹೋಯಿತು. ನನಗೂ ಈಗ ಏನೂ ಕಾಣುತ್ತಿರಲಿಲ್ಲ, ಅತ್ತೆಗೂ ಕಾಣುತ್ತಿರಲಿಲ್ಲ. ಅವರು ಮಗನಿಗೆ ಇನ್ನೂ ಹೇಳುತ್ತಲೇ ಇದ್ದರು.