ಶರಾವತಿ ಹಿನ್ನೀರಿನಲ್ಲಿ ಕಾಲು ತೋರಿಸಿದ್ದು

ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟಾಗ ವ್ಯಾನಿನಲ್ಲಿ ನನ್ನ ಜೊತೆ ಗಾಳಿ ತುಂಬುವ ರಬ್ಬರ್ ದೋಣಿ, ಒಂದು ಸಿಲಿಂಡರ್ ಮತ್ತು ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ ಇದ್ದವು. ಸಾಗರದಲ್ಲಿ ಗೆಳೆಯ ಪ್ರಭಾಕರ ಹತ್ತಿಕೊಳ್ಳಬೇಕಿತ್ತು. ನಾನು ನೀರಿನಡಿ ಇರುವಷ್ಟು ಹೊತ್ತು ದೋಣಿಯಲ್ಲಿ ಸುಮ್ಮನೆ ಕೂತಿರುವುದು ಅವನ ಕೆಲಸ. ಮುರ್ಡೇಶ್ವರದಲ್ಲಿ ನನಗೆ ಡೈವಿಂಗ್ ಕಲಿಸಿದವರು ಎರಡು ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಒಬ್ಬರೇ ಇಳಿಯಬೇಡಿ, ದೋಣಿಯನ್ನು ಖಾಲಿ ಬಿಡಬೇಡಿ.

ಹೊಸನಗರದಲ್ಲಿ ನಿಲ್ಲಿಸಿ ಬನ್ಸ್ ತಿಂದೆ. ಹೋಟೆಲಿನವರು ವ್ಯಾನಿನಲ್ಲಿದ್ದ ಸಿಲಿಂಡರ್ ನೋಡಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರು. ಇದು ನೀರಿನಡಿ ಉಸಿರಾಡುವುದಕ್ಕೆ ಎಂದೆ. ಅವರು ಸಿಲಿಂಡರನ್ನು ಬೆರಳಿನಿಂದ ತಟ್ಟಿ ನೋಡಿದರು.

"ಮೇಲೇ ಬಿಟ್ಟಿ ಸಿಗ್ತದಲ್ಲ" ಎಂದರು.

ಸಾಗರದ ಬಸ್ ನಿಲ್ದಾಣದ ಎದುರು ಪ್ರಭಾಕರ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ನಿಂತಿದ್ದ. ಪಂಚೆ ನೋಡಿದೊಡನೆ ನನಗೆ ಅನುಮಾನ ಬಂತು. ಸೋದರಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇರುವುದು ಅವನಿಗೆ ಆಗಷ್ಟೇ ನೆನಪಾಗಿತ್ತಂತೆ. "ಹೋಳಿಗೆ ಇದ್ಯಂತೆ ಮಾರಾಯ. ಇವತ್ತು ನೀರು ನೋಡಿ ಬಾ, ನಾಳೆ ಇಳಿಯಣ" ಎಂದು ಆಟೋ ಹತ್ತಿದ.

ನಾನು ಹೊರಟಿದ್ದು ನೀರು ನೋಡಿ ಬರುವುದಕ್ಕೇ. ಹೊನ್ನೆಮರಡಿನ ಆಚೆ ಒಂದು ಕಾಡುದಾರಿ ನೀರಿನಂಚಿಗೆ ಹೋಗಿ ನಿಂತಿತು. ಒಳ್ಳೆಯ ಬಿಸಿಲಿತ್ತು, ಗಾಳಿ ಇರಲಿಲ್ಲ. ದೋಣಿ ಸರಿಯಾಗಿದೆಯೇ ಎಂದು ನೋಡಲು ಗಾಳಿ ತುಂಬಿದೆ. ತುಂಬಿದ ಮೇಲೆ ನೀರಿಗೆ ತಳ್ಳಿದೆ. ತಳ್ಳಿದ ಮೇಲೆ ಹುಟ್ಟು ಹಾಕಿದೆ. ಒಂದೊಂದೂ ಹಿಂದಿನದಕ್ಕಿಂತ ತುಸುವೇ ಹೆಚ್ಚಿನ ತಪ್ಪಾಗಿದ್ದರಿಂದ ಎಲ್ಲಿಯೂ ನಿಲ್ಲಬೇಕೆನಿಸಲಿಲ್ಲ.

ಅಣೆಕಟ್ಟಿನ ನೀರು ಏರಿದಾಗ ನಿಂತಲ್ಲೇ ಸತ್ತ ಮರಗಳ ಬೊಡ್ಡೆಗಳು ಅಲ್ಲಿ ಈಗಲೂ ತಲೆ ಎತ್ತಿಕೊಂಡಿವೆ. ಅವುಗಳ ಬುಡದಲ್ಲೊಂದು ಹಳೆಯ ಸೇತುವೆ ಮುಳುಗಿದೆಯೆಂದು ಕೇಳಿದ್ದೆ. ಒಂದು ಬೊಡ್ಡೆಗೆ ದೋಣಿ ಕಟ್ಟಿದೆ. ಅಂಗಿ, ಕನ್ನಡಕ, ಫೋನು, ಚಪ್ಪಲಿಯನ್ನು ಚಿತ್ರಾನ್ನದ ಜೊತೆ ದೋಣಿಯಲ್ಲಿಟ್ಟು, ಡೈವಿಂಗ್ ಸಾಮಾನೆಲ್ಲ ತೊಟ್ಟು ಇಳಿದೆ.

ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ನೀರು ಮೊದಲು ಚಹಾದ ಬಣ್ಣಕ್ಕಿತ್ತು, ಆಮೇಲೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನನ್ನ ಕೈ ಮೊಣಕೈವರೆಗೆ ಕಾಣುತ್ತಿತ್ತು. ಒಂದು ಕಲ್ಲನ್ನು ಮುಟ್ಟಿದೆ. ಸೇತುವೆಯದ್ದಿರಬಹುದು, ಬರೀ ಕಲ್ಲೂ ಇರಬಹುದು. ಒಂದು ಮೀನು ಮುಖವಾಡದ ಗಾಜಿನ ಹತ್ತಿರ ಬಂದು, ನನ್ನನ್ನು ಪೂರ್ತಿ ನೋಡಿ, ಹೋಯಿತು. ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಾಗ ಮೇಲೆದ್ದೆ.

ಬೊಡ್ಡೆ ಇತ್ತು. ದೋಣಿ ಇರಲಿಲ್ಲ.

ಕನ್ನಡಕವಿಲ್ಲದ್ದರಿಂದ ಬೇರೆ ಬೊಡ್ಡೆಗೆ ಬಂದಿರಬಹುದೆಂದು ಪಕ್ಕದ್ದನ್ನೂ ನೋಡಿ ಬಂದೆ. ಇಲ್ಲ, ಇದೇ. ಹಗ್ಗ ಉಜ್ಜಿದ ಗುರುತಿತ್ತು. ದಡ ದೂರದಲ್ಲಿ ಒಂದು ಹಸಿರು ಗೆರೆಯಷ್ಟೇ. ಈಜೋಣವೆಂದರೆ ಮೀನಖಂಡ ಹಿಡಿದುಕೊಂಡಿತ್ತು. ತೇಲಿಸುವ ಜಾಕೆಟ್ಟಿನಲ್ಲಿ ಎಲ್ಲೋ ತೂತು. ಬಾಯಿಂದ ಊದಿದಷ್ಟೂ ಸೋರುತ್ತಿತ್ತು. ಮುಳುಗಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿಯನ್ನೂ ಸಿಲಿಂಡರನ್ನೂ ನೀರಿಗೆ ಬಿಟ್ಟು ಬೊಡ್ಡೆಯನ್ನು ತಬ್ಬಿಕೊಂಡೆ. ಬಿಸಿಲು ಇಳಿಯತೊಡಗಿತು. ಚಳಿಗೆ ಕೈ ಮರಗಟ್ಟುತ್ತಿತ್ತು. ರಾತ್ರಿಯಿಡೀ ಈ ಹಿಡಿತ ಉಳಿಯುವುದಿಲ್ಲವೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಕೊನೆಗೊಂದು ದೋಣಿ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಂಗಸಿನ ಮಡಿಲಲ್ಲಿ ಏನೋ ದುಂಡಗಿನದು. ಕೂಗಿದೆ. ಹುಟ್ಟು ನಿಂತಿತು.

"ಯಾರದು?" ಎಂದ ಗಂಡಸು.

ತೀರ್ಥಹಳ್ಳಿಯವನು ಎಂದೆ.

"ತೀರ್ಥಳ್ಳಿಯೋನು ನೀರಾಗೆ ಎಂತ ಮಾಡ್ತಾ ಇದೀಯ?" ಎಂದಳು ಹೆಂಗಸು. ಸೇತುವೆ ನೋಡಲು ಬಂದೆ ಎಂದೆ. ಆಕೆ ಗಂಡನ ಕಡೆ ಬಗ್ಗಿ ಪಿಸುಗುಟ್ಟಿದ್ದು ನೀರಿನ ಮೇಲೆ ಚೆನ್ನಾಗಿಯೇ ಕೇಳಿಸಿತು: "ಮೊದ್ಲು ಕಾಲು ನೋಡಿ."

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು ಸಂತೋಷದಿಂದ ಒಂದು ಕಾಲನ್ನು ನೀರಿನಿಂದ ಮೇಲೆತ್ತಿದೆ. ಅದಕ್ಕೆ ಮೊಳದುದ್ದದ ಕಪ್ಪು ರಬ್ಬರ್ ಈಜುರೆಕ್ಕೆ ತೊಟ್ಟಿದ್ದು ನನಗೆ ಮರೆತೇ ಹೋಗಿತ್ತು.

ದೋಣಿ ಅಷ್ಟು ಬೇಗ ತಿರುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಕಾಲಲ್ಲ, ಕಾಲಿಗೆ ಹಾಕಿಕೊಳ್ಳುವುದು ಎಂದು ಇದ್ದಷ್ಟು ದನಿಯಲ್ಲಿ ಕೂಗಿದೆ.

"ಹಂಗಾರೆ ತೆಗಿ, ನೋಡಣ" ಎಂದಳು ಆಕೆ, ದೂರದಿಂದಲೇ.

ಒಂದು ಕೈಯಲ್ಲಿ ಬೊಡ್ಡೆ ಹಿಡಿದು, ಇನ್ನೊಂದು ಕೈಯಲ್ಲಿ ಎಳೆದೆ. ರೆಕ್ಕೆ ಕಳಚಿ ತೇಲಿ ಹೋಯಿತು. ಬಿಳಿಚಿಕೊಂಡು ಸುಕ್ಕಾಗಿದ್ದ ಪಾದವನ್ನು ಎತ್ತಿ ಹಿಡಿದೆ. ಬೆರಳು ಅಲ್ಲಾಡಿಸು ಎಂದರು, ಅಲ್ಲಾಡಿಸಿದೆ. ಹಿಮ್ಮಡಿ ತೋರಿಸು ಎಂದರು. ಕಾಲು ತಿರುಗಿಸಿ ತೋರಿಸಿದೆ. ಇಬ್ಬರೂ ಕೆಳದನಿಯಲ್ಲಿ ಮಾತಾಡಿಕೊಂಡರು.

"ಒಂದ್ ಕಾಲು ಯಾರ್ ಬೇಕಾದ್ರೂ ತೋರಿಸ್ತಾರೆ" ಎಂದಳು ಆಕೆ. "ಇನ್ನೊಂದು?"

ಎರಡನೆಯದನ್ನೂ ನೋಡಿದ ಮೇಲೆ ದೋಣಿ ಹತ್ತಿರ ಬಂತು. "ಹತ್ತಿ ಬನ್ನಿ, ನಿಧಾನ" ಎಂದು ಗಂಡಸು ಕೈ ಕೊಟ್ಟ. ಆತ ಮೀನು ಹಿಡಿಯುವ ಕೆರಿಯಪ್ಪ. ಆಕೆ ಹೆಂಡತಿ ಲಕ್ಷ್ಮಮ್ಮ.

ನಡೆದದ್ದನ್ನು ಕೆರಿಯಪ್ಪ ಹುಟ್ಟು ಹಾಕುತ್ತ ವಿವರಿಸಿದರು. ಮಧ್ಯಾಹ್ನ ಬಲೆ ನೋಡಲು ಬಂದವರಿಗೆ ಖಾಲಿ ದೋಣಿ, ಅದರಲ್ಲಿ ಚಪ್ಪಲಿ ಮತ್ತು ಕನ್ನಡಕ ಕಂಡಿದ್ದವು. ಯಾರೋ ಮುಳುಗಿದರೆಂದು ಹುಡುಕಲು ಹೊರಟರೆ ಪಕ್ಕದಲ್ಲೇ ಗುಳ್ಳೆ.

"ಮುಳುಗಿದೋನ ಗುಳ್ಳೆ ಎಷ್ಟೊತ್ತು ಬತ್ತದೆ ಹೇಳಿ" ಎಂದರು. "ಇದು ನಿಲ್ಲಲೇ ಇಲ್ಲ. ಅದೂ ಅಲ್ದೆ ನಡ್ಕಂಡು ಹೋಗ್ತಿತ್ತು."

ಹೀಗಾಗಿ ಮನುಷ್ಯ ಹೋಗಿಯಾಯಿತು, ಕೆಳಗೆ ಉಸಿರಾಡುತ್ತಿರುವುದು ಬೇರೇನೋ ಎಂದು ತೀರ್ಮಾನಿಸಿ, ದೋಣಿಯಾದರೂ ಮನೆಯವರಿಗೆ ಸಿಗಲಿ ಎಂದು ದಡಕ್ಕೆ ಎಳೆದುಕೊಂಡು ಹೋಗಿದ್ದರು. ಮುಳುಗಿದ ಊರನ್ನು ಕಾಯುವ ಚೌಡಿ ಇನ್ನೂ ನೀರಿನಡಿಯೇ ಇದ್ದಾಳೆ, ಒಂದು ಕಾಯಿ ಕೊಟ್ಟು ಕೇಳಿದರೆ ಹೆಣ ಬಿಟ್ಟುಕೊಡುತ್ತಾಳೆ ಎಂದವರು ಲಕ್ಷ್ಮಮ್ಮ. ಮಡಿಲಲ್ಲಿದ್ದದ್ದು ಅದೇ ಕಾಯಿ. ಅದನ್ನು ತರುವ ಮನಸ್ಸು ಅವರಿಗೆ ಬಾರದಿದ್ದರೆ ಆ ಸಂಜೆ ಅತ್ತ ಯಾರೂ ಬರುತ್ತಿರಲಿಲ್ಲ.

ವ್ಯಾನ್ ನಿಂತಿದ್ದ ದಡದಲ್ಲೇ ನನ್ನ ದೋಣಿಯನ್ನು ಜೋಪಾನವಾಗಿ ಕಟ್ಟಿದ್ದರು. ಅಂಗಿ ಮಡಚಿತ್ತು. ಫೋನಿನಲ್ಲಿ ಪ್ರಭಾಕರ ಕಳಿಸಿದ ಹೋಳಿಗೆಯ ಫೋಟೋ ಇತ್ತು. ಲಕ್ಷ್ಮಮ್ಮ ಕಾಯಿ ಒಡೆದು, ಒಂದು ಹೋಳನ್ನು ನೀರಿಗೆ ಬಿಟ್ಟು ಇನ್ನೊಂದನ್ನು ನನ್ನ ಕೈಯಲ್ಲಿಟ್ಟರು. ನನ್ನ ಹೆಣಕ್ಕೆಂದು ತಂದ ಕಾಯಿಯನ್ನು ನಾನೇ ತಿಂದೆ. ಸಿಹಿಯಾಗಿತ್ತು. ತಣ್ಣಗಾಗಿದ್ದ ಚಿತ್ರಾನ್ನವನ್ನು ಮೂವರೂ ಹಂಚಿಕೊಂಡೆವು.

"ಇನ್ನೊಂದ್ಸಲ ಬಂದ್ರೆ ದೋಣೀಲಿ ಒಬ್ರನ್ನ ಕೂರ್ಸಿ" ಎಂದರು ಲಕ್ಷ್ಮಮ್ಮ. "ಬರೀ ಚಪ್ಲಿ ನೋಡಿದ್ರೆ ನಮಗೆ ಊಟ ಸೇರಲ್ಲ."

ಹೂಂ ಎಂದು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ಬರಿಗಾಲಲ್ಲಿ ವ್ಯಾನಿನ ಕಡೆ ನಡೆದೆ. ಬಾಗಿಲು ತೆಗೆಯುವಾಗ ಹಿಂದಿರುಗಿ ನೋಡಿದೆ. ಕೆರಿಯಪ್ಪ ಬಲೆ ಮಡಚುತ್ತಿದ್ದರು. ಲಕ್ಷ್ಮಮ್ಮ ಬಗ್ಗಿ, ಕೆಸರಿನಲ್ಲಿ ಮೂಡಿದ್ದ ನನ್ನ ಹೆಜ್ಜೆಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡುತ್ತಿದ್ದರು.

ವ್ಯಾನ್ ಹತ್ತುವ ಮೊದಲು ನಾನೂ ಒಮ್ಮೆ ನೋಡಿಕೊಂಡೆ.