ಪೈಗಳು ಮೂಸಿದ ಗಾಳಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪ್ರಭಾಕರ ಪೈಗಳು ಮೂಗು ಮೇಲೆತ್ತಿ ಎರಡು ಸಲ ಗಾಳಿ ಎಳೆದುಕೊಂಡರು. ನಾನು ನಕ್ಕೆ. ಅವರು ಯಾವುದನ್ನೂ ಮೂಸದೆ ನಂಬುತ್ತಿರಲಿಲ್ಲ: ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಗ್ರೋಸರಿಯ ಕೊತ್ತಂಬರಿ, ನನ್ನ ಹೆಂಡತಿ ಮಾಡಿದ ಸಾರು, ಹೊಸ ಕಾರಿನ ಸೀಟು. "ಇಪ್ಪತ್ತು ವರ್ಷ ನನ್ನನ್ನು ಸಾಕಿದ್ದೇ ಈ ಮೂಗು ಮಾರಾಯ" ಎನ್ನುತ್ತಿದ್ದರು. ಮಂಗಳೂರಿನವರು, ಸಮುದ್ರದ ನಡುವಿನ ತೈಲಬಾವಿಗಳಲ್ಲಿ ದುಡಿದು ಎಮರಿವಿಲ್‌ನ ನಮ್ಮ ಡಾಟ್‌ಕಾಂ ಕಂಪನಿಗೆ ಬಂದಿದ್ದರು. ಬಾವಿಗಳಿಂದ ಎಷ್ಟು ತೈಲ, ಎಷ್ಟು ಅನಿಲ ಬರುತ್ತಿದೆ ಎಂದು ವೆಬ್‌ಸೈಟಿನಲ್ಲಿ ತೋರಿಸುವುದು ನಮ್ಮ ಉದ್ಯೋಗ. ಪ್ರೋಗ್ರಾಮು ಬರೆಯುತ್ತಿದ್ದ ನಾನು ಕಚ್ಚಾ ತೈಲವನ್ನು ಕಣ್ಣಿಂದ ನೋಡಿರಲಿಲ್ಲ.

ಆ ದಿನ ದಕ್ಷಿಣ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಸಮುದ್ರದಲ್ಲಿ ನಿಂತ ಒಂದು ತೈಲಬಾವಿಯ ಪ್ಲಾಟ್‌ಫಾರ್ಮಿನ ಮೇಲೆ, ಅಂಕಿಗಳು ಸರಿಯಾಗಿ ಹೋಗುತ್ತಿವೆಯೇ ಎಂದು ನೋಡಲು, ಇಬ್ಬರೂ ಇದ್ದೆವು. ಅದೇ ಹೊತ್ತಿಗೆ ಎಮರಿವಿಲ್‌ನಲ್ಲಿ ಹೂಡಿಕೆದಾರರಿಗೆ ನಮ್ಮ ವೆಬ್‌ಸೈಟಿನ ಡೆಮೊ.

"ಕೊಳೆತ ಮೊಟ್ಟೆ" ಎಂದರು ಪೈಗಳು. ನನಗೂ ಬಂತು ಆ ನಾತ. ಅರೆ ನಿಮಿಷದಲ್ಲಿ ಇಲ್ಲವಾಯಿತು.

"ಹೋಯ್ತಲ್ಲ ಸಾರ್."

ಅವರ ಮುಖ ಬಿಳಿಚಿತು. "ಹೋಗ್ಲಿಲ್ಲ ಮಾರಾಯ, ನಮ್ಮ ಮೂಗು ಸತ್ತದ್ದು! ಓಡು, ಗಾಳಿಗೆ ಎದುರು ಓಡು!"

ಕಾಲರು ಹಿಡಿದು ಎಳೆದೊಯ್ದರು. ಬಾವಿಯಿಂದ ಸೋರುವ, ಕೊಳೆತ ಮೊಟ್ಟೆ ನಾತದ ಆ ವಿಷಾನಿಲ ಹೆಚ್ಚಾದಾಗ ಮೊದಲು ವಾಸನೆಯ ಅರಿವನ್ನೇ ಕೊಲ್ಲುತ್ತದೆಂದು ಆಮೇಲೆ ತಿಳಿಯಿತು. ಪಂಪಿನ ಬಳಿ ಬಿದ್ದಿದ್ದ ವೆಲ್ಡರನನ್ನು ಮಾಸ್ಕು ಹಾಕಿಕೊಂಡವರು ಹೊತ್ತು ತಂದರು. ಬಾಯಲ್ಲಿ ನೊರೆ. ಬದುಕಿದ, ಮಾತು ತೊದಲಾಗಿಯೇ ಉಳಿಯಿತು.

ಅಪಾಯದ ಗಂಟೆ ಹೊಡೆದೇ ಇರಲಿಲ್ಲ. ಅನಿಲ ಸೋರಿದರೆ ಗಂಟೆ ಹೊಡೆಸಬೇಕಾದ ಸೆನ್ಸರು ಆಗಾಗ ಕೂಗಿ ಉತ್ಪಾದನೆ ನಿಲ್ಲಿಸುತ್ತಿತ್ತು. ಡೆಮೊದ ನಡುವೆ ಹಾಗೆ ನಿಂತು ಕಂಪ್ಯೂಟರಿನ ಪರದೆ ಕೆಂಪಾಗಬಾರದೆಂದು ನಮ್ಮ ಮ್ಯಾನೇಜರ್ ಡೇವ್ ಹೇಳಿದ್ದ. ಸೆನ್ಸರನ್ನು ಬೈಪಾಸ್ ಮಾಡಿ, ಕೂಗದಂತೆ ಇಡಿ ಎಂದು ಪ್ಲಾಟ್‌ಫಾರ್ಮಿನವರಿಗೆ ಇಮೇಲು ಕಳಿಸಿದ್ದು ನಾನು. ಡೆಮೊಗೆ ಚಪ್ಪಾಳೆ ಬಿತ್ತಂತೆ, ಕೇಕು ಕತ್ತರಿಸಿದರಂತೆ.

"ಗಂಟೆ ಹೊಡೆಯಿತು, ವೆಲ್ಡರ್ ಲೆಕ್ಕಿಸಲಿಲ್ಲ" ಎಂಬ ಹೇಳಿಕೆಗೆ ಡೇವ್ ನಮ್ಮಿಬ್ಬರ ಸಹಿ ಕೇಳಿದ. ಪೈಗಳು ಕಾಗದವನ್ನು ಮೂಗಿನ ಬಳಿ ಹಿಡಿದರು. "ನಾರ್ತಾ ಉಂಟು" ಎಂದು ಕನ್ನಡದಲ್ಲೇ ಹೇಳಿ ಮೇಜಿನ ಮೇಲೆ ತಳ್ಳಿದರು. ನಾನು ಸಹಿ ಹಾಕಿದೆ. ಅವರ ಕೆಲಸ ಹೋಯಿತು, ಜೊತೆಗೆ ಆ ಕೆಲಸಕ್ಕೇ ಅಂಟಿಕೊಂಡಿದ್ದ ವೀಸಾ.

ಅವರು ಊರಿಗೆ ಹೊರಡುವ ದಿನ ಫಾಸ್ಟರ್ ಸಿಟಿಯ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಸೂಟ್‌ಕೇಸಿನ ಮೇಲೆ ಕೂತು ಝಿಪ್ಪು ಎಳೆಯುತ್ತಿದ್ದರು.

"ಸಾರ್, ನನ್ನ ವೀಸಾನೂ... ಮಗೂನ ಡೇಕೇರು..."

"ಗೊತ್ತುಂಟು. ಆ ಬದಿ ಸ್ವಲ್ಪ ಒತ್ತಿ ಹಿಡಿ."

ಹಿಡಿದೆ. ಝಿಪ್ಪು ಕೂತಿತು. "ಆ ವೆಲ್ಡರಿಗೂ ಮಕ್ಕಳುಂಟಂತೆ" ಎಂದರು. ಬೈಯಲಿಲ್ಲ. ಅವರನ್ನು ಮತ್ತೆ ನೋಡಲಿಲ್ಲ.

ಎಷ್ಟೋ ವಾರ ಕಣ್ಣು ಮುಚ್ಚಿದರೆ ವೆಲ್ಡರನ ಬಾಯಿಯ ಆ ನೊರೆ. ಕೊನೆಗೆ ಒಂದು ಗುರುವಾರ ಆ ಬೈಪಾಸ್ ಇಮೇಲಿನ ಪ್ರತಿಯನ್ನು ಸರ್ಕಾರಿ ತನಿಖಾಧಿಕಾರಿಯ ಮುಂದಿಟ್ಟು, ಕಳಿಸಿದವನ ಹೆಸರಿನ ಮೇಲೆ ಬೆರಳಿಟ್ಟು, "ಇದು ನಾನು" ಎಂದೆ. ಮಂಗಳೂರಿಗೆ, ಪೈಗಳಿಗೆ ಫೋನು ಮಾಡಲು ಮಾತ್ರ ಮುಖವಿರಲಿಲ್ಲ. ಅಂದು ರಾತ್ರಿ ಬೆಳಗಿನವರೆಗೆ ಒಮ್ಮೆಯೂ ಎಚ್ಚರವಾಗದೆ ಮಲಗಿದೆ.