ನನ್ನ ಸಹಿ ಅಲ್ಲ ಎಂದ ದಿನ

ಮೊನ್ನೆ ಅರಸೀಕೆರೆಯಿಂದ ಹಳೇಬೀಡಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದವರು ಲವಂಗ ಅಗಿಯುತ್ತಿದ್ದರು. ಆ ವಾಸನೆಗೆ ನಮ್ಮೂರಿನ ಹಳೆಯ ಕಂಡಕ್ಟರು ನೆನಪಾದರು. ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಆ ಸೀಟಿನಲ್ಲಿ ಕೂರಲಾಗದೆ ಜಾವಗಲ್ಲಿನಿಂದ ನಿಂತುಕೊಂಡೇ ಬಂದೆ...

ಅವರು ನೌಕರಿ ಪೂರ್ತಿ ಆ ದಾರಿಯಲ್ಲೇ ಓಡಾಡಿದವರು. ಯಾರ ಮನೆಗೆ ಸೊಸೆ ಬಂದಳು, ಯಾರಿಗೆ ಕಣ್ಣಿನ ಆಪರೇಷನ್ ಆಯಿತು, ಎಲ್ಲ ಗೊತ್ತಿರುತ್ತಿತ್ತು. ನನ್ನ ಹೆಂಡತಿಗೆ ಬಸ್ಸಿನಲ್ಲೇ ಹೆರಿಗೆ ನೋವು ಶುರುವಾದಾಗ, ನಡುವೆ ಎಲ್ಲೂ ನಿಲ್ಲಿಸಗೊಡದೆ ಬಸ್ಸನ್ನು ನೇರ ಬೇಲೂರಿನ ಆಸ್ಪತ್ರೆ ಬಾಗಿಲಿಗೇ ಹೊಡೆಸಿಕೊಂಡು ಹೋದರು. ಇನ್ನೊಂದಿಷ್ಟು ತಡವಾಗಿದ್ದರೆ ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕಂಡಕ್ಟರಿಗೆ ಅದಕ್ಕಾಗಿ ಮೆಮೊ ಬಂತು. ಅದನ್ನು ಅವರು ನನಗೆ ಹೇಳಲೂ ಇಲ್ಲ.

ಅವರು ನಿವೃತ್ತರಾದ ಮೇಲೆ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂತು. ನಮ್ಮ ಕ್ಷೇತ್ರದಲ್ಲಿ ಪ್ರತಿ ಸಲ ಒಬ್ಬರೇ ಗೆಲ್ಲುತ್ತಿದ್ದರು. ಜನ ಅವರನ್ನು ಯಜಮಾನರು ಎನ್ನುತ್ತಿದ್ದರು. ಎದುರಿಗಿದ್ದ ಮೂರು ಪಕ್ಷಗಳಿಗೆ ಯಜಮಾನರಿಗಿಂತ ಒಬ್ಬರ ಮೇಲೊಬ್ಬರಿಗೇ ಸಿಟ್ಟು ಹೆಚ್ಚು. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಒಪ್ಪರು. ಕೊನೆಗೆ, ಯಾರ ಕಡೆಯವರೂ ಅಲ್ಲ ಎಂಬ ಒಂದೇ ಕಾರಣಕ್ಕೆ ಕಂಡಕ್ಟರನ್ನು ಪಕ್ಷೇತರರಾಗಿ ನಿಲ್ಲಿಸಲು ಒಪ್ಪಿದರು.

“ಗೆಲ್ಲೋದೇನ್ ಬ್ಯಾಡ, ಸುಮ್ನೆ ನಿಂತ್ಕಳಿ ಸಾಕು,” ಎಂದು ಆ ಪಕ್ಷಗಳವರು ನನ್ನ ಜೆರಾಕ್ಸ್ ಅಂಗಡಿಯಲ್ಲೇ ನಕ್ಕರು. ಕಂಡಕ್ಟರು ನಗಲಿಲ್ಲ. ಹುಲಿಕೆರೆಯಿಂದ ಶುರುಮಾಡಿ ಮನೆಮನೆಗೆ ನಡೆದರು. ಜನ ಎದ್ದು ಬಾಗಿಲಿಗೆ ಬರತೊಡಗಿದರು. ಅದು ಯಜಮಾನರ ಕಿವಿಗೂ ಬಿತ್ತು.

ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದವನು ನಾನು. ಪರಿಶೀಲನೆಯ ಹಿಂದಿನ ದಿನ ಯಜಮಾನರ ಕಡೆಯವನೊಬ್ಬ ಅಂಗಡಿಗೆ ಬಂದ. ಅಂಗಡಿ ಇದ್ದದ್ದು ಪಂಚಾಯ್ತಿ ಜಾಗದಲ್ಲಿ.

“ಜಾಗ ಚೆನ್ನಾಗೈತಲ್ಲಣ್ಣ. ಕಳ್ಕಬ್ಯಾಡ,” ಎಂದ. “ಆ ಸಹಿ ನಂದಲ್ಲ ಅಂದ್ಬುಡು, ಅಷ್ಟೇಯ.”

ಮರುದಿನ ಬೇಲೂರಿನ ಕಚೇರಿಯಲ್ಲಿ ಚುನಾವಣಾ ಅಧಿಕಾರಿ ಕಾಗದ ನನ್ನ ಮುಂದೆ ಹಿಡಿದರು.

“ಇದು ನಿಮ್ಮ ಸಹಿನಾ?”

“ಅಲ್ಲ ಸಾರ್.”

ಕಂಡಕ್ಟರು ನನ್ನ ಕಡೆ ತಿರುಗಿದರು. ನನಗೆ ಸರಿಯಾಗಿ ಕಾಣಿಸಿಲ್ಲ ಎಂದುಕೊಂಡರೋ ಏನೋ. “ಕನ್ನಡಕ ಹಾಕ್ಕಂಡು ನೋಡಪ್ಪ,” ಎಂದರು. ಹಾಕಿಕೊಂಡೆ. ನೋಡಿದೆ. “ಅಲ್ಲ,” ಎಂದೆ.

ನಾಮಪತ್ರ ತಿರಸ್ಕಾರವಾಯಿತು. ಕಣದಲ್ಲಿ ಬೇರೆ ಯಾರೂ ಇರಲಿಲ್ಲ. ಯಜಮಾನರು ಅವಿರೋಧವಾಗಿ ಗೆದ್ದರು. ಹೊರಗೆ ಪಟಾಕಿ ಸಿಡಿಯುತ್ತಿದ್ದರೆ ಮೂರೂ ಪಕ್ಷದವರು ಮೆಟ್ಟಿಲ ಮೇಲೇ ಕಿತ್ತಾಡಿದರು. “ನಮ್ಮೋನ್ನ ನಿಲ್ಸಿದ್ರೆ ಹಿಂಗಾಯ್ತಿತ್ತೇನ್ರೀ?” ಎಂದು ಮೂವರದೂ ಒಂದೇ ಮಾತು. ಕಂಡಕ್ಟರು ಅವರ ನಡುವೆ ದಾರಿ ಮಾಡಿಕೊಂಡು ಒಬ್ಬರೇ ಇಳಿದು ಹೋದರು.

ಯಜಮಾನರು ಅಲ್ಲಿಗೂ ಬಿಡಲಿಲ್ಲ. ನಕಲಿ ಸಹಿ ಮಾಡಿದ್ದಾರೆಂದು ಅವರ ಮೇಲೆ ದೂರು ಕೊಡಿಸಿದರು. ಠಾಣೆಯಲ್ಲೂ ನಾನು ಅದೇ ಸುಳ್ಳು ಬರೆದುಕೊಟ್ಟೆ. ಜಾಮೀನಿಗೆ ಆ ಮೂರು ಪಕ್ಷಗಳಿಂದ ಒಬ್ಬರೂ ಬರಲಿಲ್ಲ. ಯಾವ ಬಸ್ಸಿನಲ್ಲಿ ಎಲ್ಲರ ಸುಖದುಃಖ ವಿಚಾರಿಸುತ್ತಿದ್ದರೋ, ಅದೇ ಬಸ್ಸಿನಲ್ಲಿ ಆರೋಪಿಯಾಗಿ ಕೋರ್ಟಿಗೆ ಅಲೆದರು. ಜನ ಕಿಟಕಿಯಾಚೆ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ.

ಒಮ್ಮೆ ಕೋರ್ಟಿನ ವರಾಂಡದಲ್ಲಿ ಎದುರಾದರು. ನಾನು ತಲೆ ತಗ್ಗಿಸಿದೆ.

“ಮಗಳು ಎಷ್ಟನೇ ಕ್ಲಾಸಪ್ಪ ಈಗ?”

“ಏಳು.”

“ಚೆನ್ನಾಗಿ ಓದ್ಸು,” ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ನಾನು ಕೂರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು...

ಕೇಸು ಮುಗಿಯುವ ಮೊದಲೇ ಅವರು ತೀರಿಕೊಂಡರು. ಊರಿನ ನಾಲ್ಕಾರು ಜನ ಹೆಗಲು ಕೊಟ್ಟರು. ನಾನು ಹೋಗಲಿಲ್ಲ, ಅಂಗಡಿ ತೆರೆದುಕೊಂಡು ಕೂತಿದ್ದೆ.

ಈಗ ಮತ್ತೆ ಚುನಾವಣೆಯ ಮಾತು ಎದ್ದಿದೆ. ಯಜಮಾನರು ಈ ಸಲವೂ ನಿಲ್ಲುತ್ತಾರೆ. ನಿನ್ನೆ ಆ ಮೂರು ಪಕ್ಷಗಳ ಹೊಸ ಮುಖಂಡರು ಬೇಲೂರಿನಿಂದ ಒಟ್ಟಿಗೆ ನನ್ನ ಅಂಗಡಿಗೆ ಬಂದಿದ್ದರು.

“ಇಲ್ಲೊಬ್ರು ಕಂಡಕ್ಟರ್ ಇದ್ರಂತಲ್ಲ, ಎಲ್ರಿಗೂ ಒಪ್ಪಿಗೆ ಆಗಿದ್ದೋರು... ಅವರ ಮನೆ ಎಲ್ಲಿ?”

“ತೀರ್ಕೊಂಡ್ರು,” ಎಂದೆ.

“ಛೆ! ಅವರಂಥೋರು ಊರಲ್ಲಿ ಬೇರೆ ಯಾರವ್ರೆ?”

“ಯಾರೂ ಇಲ್ಲ.”

ಕಂಡಕ್ಟರ ವಿಷಯದಲ್ಲಿ ನಾನು ಇಷ್ಟು ವರ್ಷಗಳಲ್ಲಿ ಆಡಿದ ನಿಜ ಅದೊಂದೇ.